ಶೆಲ್ ಕೋಡನ್ನ ಬಿಡಿಸಿಡೋದು ಹೇಗೆ, ಅದರ ಬಗ್ಗೆ ಏನೇನು ಬರೆದಿಡಬೇಕು?

ಪ್ರಶ್ನೆ: ಸಿ ಭಾಷೆಯಲ್ಲಿ ಒಂದು ಚಿಕ್ಕ ಶೆಲ್ (ಟೈಪ್ ಮಾಡಿದ ಕಮಾಂಡ್ ಓದಿ ರನ್ ಮಾಡೋ ಪ್ರೋಗ್ರಾಮ್) ಬರ್ದು ಓಪನ್ ಸೋರ್ಸ್ ಮಾಡಿದೀನಿ. ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ ಇನ್ನೊಂದಕ್ಕೆ ಕೊಡೋದು), ರೀಡೈರೆಕ್ಷನ್ (ಇನ್‌ಪುಟ್, ಔಟ್‌ಪುಟ್ ಫೈಲ್ ಕಡೆ ತಿರುಗಿಸೋದು), ಜಾಬ್ ಕಂಟ್ರೋಲ್, ಶೆಲ್ ಒಳಗೇ ಇರೋ ಹತ್ತು ಹನ್ನೆರಡು ಬಿಲ್ಟ್‌ಇನ್ ಕಮಾಂಡ್ ಎಲ್ಲಾ ಕೆಲಸ ಮಾಡತ್ತೆ. ಆದ್ರೆ ಮುಕ್ಕಾಲು ಪಾಲು ಕೋಡ್ ಮೇನ್ ಫೈಲ್ ಒಂದ್ರಲ್ಲೇ ಇದೆ, ಉಳಿದಿದ್ದು ಯುಟಿಲ್ಸ್ ಅನ್ನೋ ಫೈಲಲ್ಲಿ. ಸಹಾಯ ಮಾಡ್ತೀವಿ ಅಂತ ಬಂದವ್ರು ಕೋಡ್ ತೆಗೆದು ನೋಡಿ ಹಾಗೇ ವಾಪಸ್ ಹೋಗ್ತಾರೆ. ಇದನ್ನ ಫೈಲ್, ಫೋಲ್ಡರ್ ಅಂತ ಹೇಗೆ ಹಂಚ್ಬೇಕು? ಪ್ರತಿ ಫಂಕ್ಷನ್‌ಗೂ ಡಾಕ್ಸಿಜನ್ (ಕಮೆಂಟ್‌ಗಳಿಂದ ಡಾಕ್ಯುಮೆಂಟೇಶನ್ ತಯಾರಿಸೋ ಟೂಲ್) ಕಮೆಂಟ್ ಬರೀಲೇಬೇಕಾ?

ಉತ್ತರ: ಡಾಕ್ಸಿಜನ್ ವಿಷಯ ಮೊದ್ಲು ಹೇಳಿಬಿಡ್ತೀನಿ, ಬೇಡ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಅದಕ್ಕಿಂತ ಮುಂಚೆ ಹಂಚೋ ಕೆಲಸ ಆಗ್ಬೇಕು, ಯಾಕಂದ್ರೆ ಕೋಡ್ ಸರಿಯಾದ ಜಾಗದಲ್ಲಿ ಕೂತ್ಕೊಂಡ್ರೆ ಬರೆಯೋ ಕೆಲಸದಲ್ಲಿ ಅರ್ಧ ತಾನಾಗೇ ಕಮ್ಮಿ ಆಗತ್ತೆ.

ಬೇರೆ ಎಷ್ಟೋ ಪ್ರೋಗ್ರಾಮ್‌ಗಳಿಗೆ ಇಲ್ದೇ ಇರೋ ಒಂದು ಅನುಕೂಲ ಶೆಲ್‌ಗೆ ಇದೆ. ಅದರೊಳಗೆ ಒಂದು ದಾರಿ ಮೊದಲಿಂದಲೇ ಇರತ್ತೆ. ಯೂಸರ್ ಒಂದು ಸಾಲು ಟೈಪ್ ಮಾಡ್ತಾರೆ, ಆ ಸಾಲು ಒಳಗೆ ಹೋಗಿ ಒಂದೊಂದೇ ಹಂತ ದಾಟಿ ಕೊನೆಗೆ ಪ್ರಾಸೆಸ್ ಆಗಿ ಆಚೆ ಬರತ್ತೆ. ಫೈಲ್‌ಗಳನ್ನ ಆ ಹಂತಗಳ ಪ್ರಕಾರ ಹಂಚಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಮುಖ್ಯವಾಗಿ ಇಷ್ಟೇ. ಫೈಲ್ ಉದ್ದ ಆಯ್ತು ಅಂತ ನಡುವೆ ಕತ್ತರಿಸೋದು, ಸ್ಟ್ರಿಂಗ್ ಫಂಕ್ಷನ್ ಎಲ್ಲಾ ಒಂದು ಕಡೆ, ಲಿಸ್ಟ್ ಫಂಕ್ಷನ್ ಎಲ್ಲಾ ಒಂದು ಕಡೆ ಅಂತ ಮಾಡೋದು, ಇವೆರಡೂ ನೋಡೋಕೆ ನೀಟಾಗಿರತ್ತೆ, ಆದ್ರೆ ಹೊಸಬರಿಗೆ ಅದ್ರಿಂದ ಏನೂ ಗೊತ್ತಾಗಲ್ಲ.

ಈ ಸಾಲನ್ನೇ ತಗೊಳ್ಳಿ:

ಎಕೋ "$ಹೆಸರು" | ಸಾರ್ಟ್ > ಪಟ್ಟಿ

ಇದನ್ನ ಕೀಬೋರ್ಡ್‌ನಿಂದಲೋ ಫೈಲ್‌ನಿಂದಲೋ ಓದ್ಕೊಳ್ಳೋದು ಒಂದು ಕೆಲಸ. ತುಂಡು ಮಾಡಿ ಟೋಕನ್ ಮಾಡೋದು ಇನ್ನೊಂದು. ಎಡಗಡೆ ಒಂದು ಕಮಾಂಡ್, ಬಲಗಡೆ ಒಂದು, ನಡುವೆ ಪೈಪ್, ಬಲಗಡೆದಕ್ಕೆ ಒಂದು ರೀಡೈರೆಕ್ಷನ್ ಅಂತ ಮರ ಕಟ್ಟೋದು ಪಾರ್ಸರ್ ಕೆಲಸ. ಡಾಲರ್ ಹೆಸರಿಗೆ ಬೆಲೆ ತುಂಬೋದು ಎಕ್ಸ್‌ಪ್ಯಾನ್ಶನ್. ಆಮೇಲೆ ಫೋರ್ಕ್ ಮಾಡಿ (ಪೇರೆಂಟ್ ಪ್ರಾಸೆಸ್‌ನಿಂದ ಚೈಲ್ಡ್ ಅನ್ನೋ ನಕಲು ಮಾಡಿ), ಪೈಪ್ ಜೋಡಿಸಿ, ಎಕ್ಸೆಕ್ ಮಾಡೋದು (ಆ ನಕಲಿನ ಜಾಗದಲ್ಲಿ ಬೇಕಾದ ಪ್ರೋಗ್ರಾಮ್ ಶುರು ಮಾಡೋದು). ಕೊನೆಗೆ ಎಲ್ಲಾ ಮುಗಿಯೋವರೆಗೂ ಕಾದು ಎಕ್ಸಿಟ್ ಸ್ಟೇಟಸ್ (ಕಮಾಂಡ್ ಹೇಗೆ ಮುಗೀತು ಅಂತ ಹೇಳೋ ಸಂಖ್ಯೆ) ಇಟ್ಕೊಳ್ಳೋದು, ಇದು ಜಾಬ್ಸ್. ಇಷ್ಟಕ್ಕೆ ಇಷ್ಟು ಫೈಲ್, ಜೊತೆಗೆ ವೇರಿಯೇಬಲ್‌ಗಳಿಗೊಂದು, ಸಿಗ್ನಲ್ (ಪ್ರಾಸೆಸ್‌ಗೆ ಬರೋ ಸೂಚನೆ) ಮತ್ತು ಟ್ರ್ಯಾಪ್‌ಗೊಂದು (ಆ ಸಿಗ್ನಲ್ ಬಂದಾಗ ಏನು ಮಾಡ್ಬೇಕು ಅಂತ ಯೂಸರ್ ಹೇಳಿಡೋದು), ಬಿಲ್ಟ್‌ಇನ್‌ಗಳಿಗೆ ಒಂದು ಫೋಲ್ಡರ್. ನಿಮ್ಮ ಶೆಲ್‌ನ ಸೈಜ್‌ಗೆ ಇದಕ್ಕಿಂತ ಜಾಸ್ತಿ ಫೋಲ್ಡರ್ ಬೇಕಾಗಲ್ಲ.

ಇದು ನಾನೇ ಕಂಡುಹಿಡಿದಿದ್ದೇನಲ್ಲ. ಡ್ಯಾಶ್ ಶೆಲ್‌ನ ಸೋರ್ಸ್ ಫೋಲ್ಡರ್ ತೆಗೆದ್ರೆ ಇನ್‌ಪುಟ್, ಪಾರ್ಸರ್, ಎಕ್ಸ್‌ಪ್ಯಾಂಡ್, ಇವ್ಯಾಲ್, ಎಕ್ಸೆಕ್, ರೀಡಿರ್, ಜಾಬ್ಸ್, ಟ್ರ್ಯಾಪ್, ವಾರ್ ಅಂತ ಫೈಲ್‌ಗಳು ಕಾಣ್ತವೆ. ಹೆಸರು ಓದ್ತಾ ಹೋದ್ರೆ ಶೆಲ್ ಹೇಗೆ ಕೆಲಸ ಮಾಡತ್ತೆ ಅನ್ನೋ ಕಥೆ ಅಲ್ಲೇ ಸಿಗತ್ತೆ. ಡ್ಯಾಶ್ ಮೂಲ ಕೆನೆತ್ ಆಲ್ಮ್‌ಕ್ವಿಸ್ಟ್ 1989ರಲ್ಲಿ ಬರೆದ ಆಶ್ ಶೆಲ್, ಅವರು ಅದರ ಜೊತೆಗೆ ಟೂರ್ ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್ ಬರೆದಿಟ್ರು, ಆಶ್ ಒಳಗೆ ಒಂದು ಸುತ್ತು ಹೋಗಿ ಬರೋಣ ಅನ್ನೋ ಥರ. ಅದು ಈಗ್ಲೂ ಡ್ಯಾಶ್ ಸೋರ್ಸ್ ಜೊತೆಗೇ ಬರತ್ತೆ. ನಿಮಗೆ ಬೇಕಾಗಿರೋದು ಅಂಥದ್ದೇ ಒಂದು ಫೈಲ್, ಅದಕ್ಕೆ ಮತ್ತೆ ಬರ್ತೀನಿ.

ಹಂಚೋವಾಗ ಜನ ಅತಿ ಹೆಚ್ಚು ಎಡವೋದು ಎಕ್ಸ್‌ಪ್ಯಾನ್ಶನ್ ಹತ್ರ. ಟೋಕನ್ ಓದ್ತಾ ಇರೋವಾಗ ಡಾಲರ್ ಗುರುತು ಸಿಕ್ಕಿದ ತಕ್ಷಣ ಅಲ್ಲೇ ಬೆಲೆ ತುಂಬಿಬಿಡೋಣ ಅನ್ನಿಸತ್ತೆ, ನಿಮ್ಮ ಕೋಡ್‌ನಲ್ಲೂ ಬಹುಶಃ ಹಾಗೇ ಇರಬಹುದು, ಮೊದ್ಲ ಸಲ ಶೆಲ್ ಬರೆಯೋವ್ರೆಲ್ಲಾ ಹಾಗೇ ಮಾಡ್ತಾರೆ. ಎರಡು ತೊಂದ್ರೆ ಇದ್ರಲ್ಲಿ. ಒಂದು, ಲೂಪ್ ಒಳಗಿನ ಕಮಾಂಡ್ ಒಂದೇ ಸಲ ಪಾರ್ಸ್ ಆಗತ್ತೆ ಆದ್ರೆ ಪ್ರತಿ ಸುತ್ತಿನಲ್ಲೂ ಹೊಸದಾಗಿ ಎಕ್ಸ್‌ಪ್ಯಾಂಡ್ ಆಗ್ಬೇಕು. ಇನ್ನೊಂದು, ಬೆಲೆಯೊಳಗೆ ಪೈಪ್ ಗುರುತೋ ಸೆಮಿಕೋಲನ್ನೋ ಇದ್ರೆ ಅದನ್ನ ನಿಮ್ಮ ಪಾರ್ಸರ್ ನಿಜವಾದ ಪೈಪ್ ಅಂತ ತಿಳ್ಕೊಂಡುಬಿಡತ್ತೆ, ಅಂದ್ರೆ ಡೇಟಾ ಹೋಗಿ ಕಮಾಂಡ್ ಆಗತ್ತೆ. ಆದ್ರಿಂದ ಪಾರ್ಸರ್ ಫೈಲ್‌ನಿಂದ ಎಕ್ಸ್‌ಪ್ಯಾಂಡ್ ಫೈಲ್‌ನ ಯಾವ ಫಂಕ್ಷನ್ನನ್ನೂ ಕರೆಯೋ ಹಾಗಿಲ್ಲ ಅಂತ ಒಂದು ನಿಯಮ ಮಾಡ್ಕೊಳ್ಳಿ. ಈ ಒಂದು ಗೆರೆ ಎಳೆದ್ರೆ ನಿಮ್ಮ ಕೋಡ್‌ನಲ್ಲಿ ಅಡಗಿರೋ ಎಷ್ಟೋ ಬಗ್‌ಗಳು ತಾವಾಗೇ ಈಚೆ ಬರ್ತವೆ.

ಎಕ್ಸ್‌ಪ್ಯಾಂಡ್ ಫೈಲ್‌ನ ತಲೆಯಲ್ಲೇ ಕ್ರಮ ಬರೆದಿಡಿ. ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್‌ಗಳ ಸಾಮಾನ್ಯ ನಿಯಮಗಳು) ಸ್ಟ್ಯಾಂಡರ್ಡ್ ಪ್ರಕಾರ ಮೊದ್ಲು ಟಿಲ್ಡೆ (ಹೋಮ್ ಫೋಲ್ಡರ್ ಸೂಚಿಸೋ ~ ಗುರುತು), ಪ್ಯಾರಾಮೀಟರ್ (ವೇರಿಯೇಬಲ್ ಬೆಲೆ), ಕಮಾಂಡ್ ಸಬ್‌ಸ್ಟಿಟ್ಯೂಶನ್ (ಕಮಾಂಡ್‌ನ ಔಟ್‌ಪುಟ್ ತುಂಬೋದು), ಅರಿತ್ಮೆಟಿಕ್ (ಲೆಕ್ಕ) ಇವು ನಾಲ್ಕೂ ಪದದ ಶುರುವಿಂದ ಕೊನೆವರೆಗೆ ಒಟ್ಟಿಗೆ ನಡೀತವೆ, ಆಮೇಲೆ ಫೀಲ್ಡ್ ಸ್ಪ್ಲಿಟಿಂಗ್ (ಬಂದ ಬೆಲೆಯನ್ನ ಸ್ಪೇಸ್ ಇದ್ದಲ್ಲಿ ಒಡೆಯೋದು), ಆಮೇಲೆ ನಕ್ಷತ್ರ ಪ್ರಶ್ನಾರ್ಥಕ ಇದ್ರೆ ಫೈಲ್ ಹೆಸರು ಹುಡುಕೋದು, ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಕೋಟ್ ತೆಗೆಯೋದು. ಕೋಟ್ ಯಾಕೆ ಕೊನೆಗೆ ಅಂತ ಒಂದು ಸಾಲು ಸೇರಿಸಿ: ಹೆಸರು ಅನ್ನೋ ವೇರಿಯೇಬಲ್‌ನಲ್ಲಿ ನಡುವೆ ಸ್ಪೇಸ್ ಇರೋ ಎರಡು ಪದ ಇದ್ದು, ಕೋಟ್‌ಗಳನ್ನ ಮೊದ್ಲೇ ಕಿತ್ತುಬಿಟ್ರೆ ಸ್ಪ್ಲಿಟಿಂಗ್ ಮಾಡೋ ಫಂಕ್ಷನ್‌ಗೆ ಇದನ್ನ ಒಡೀಬಾರ್ದು ಅಂತ ಹೇಗೆ ಗೊತ್ತಾಗ್ಬೇಕು? ಹೊಸದಾಗಿ ಬಂದವ್ರು ಈ ಕ್ರಮವನ್ನ ಕೋಡ್ ಓದಿ ಊಹಿಸೋಕೆ ಹೊರಟ್ರೆ ವಾರಗಟ್ಲೆ ಹಿಡಿಯತ್ತೆ, ಬರೆದಿದ್ರೆ ಎರಡು ನಿಮಿಷ. ಈ ಭಾಗ ಎಲ್ಲಾ ಶೆಲ್‌ನಲ್ಲೂ ದಪ್ಪ ಆಗತ್ತೆ ಅನ್ನೋದೂ ನೆನಪಿರ್ಲಿ, ಬ್ಯಾಶ್ ಶೆಲ್‌ನಲ್ಲಿ ಈ ಕೆಲಸ ಮಾಡೋ ಸಬ್‌ಸ್ಟ್ ಫೈಲ್ ಒಂದೇ 10,000 ಸಾಲಿಗೂ ಜಾಸ್ತಿ ಇದೆ. ನಿಮ್ಮದು ಬೇರೆ ಫೈಲ್‌ಗಳಿಗಿಂತ ಉದ್ದ ಆದ್ರೆ ಗಾಬರಿ ಬೀಳ್ಬೇಡಿ, ವಿಷಯವೇ ಹಾಗಿದೆ.

ಈಗ ಡಾಕ್ಸಿಜನ್ ಯಾಕೆ ಬೇಡ ಅಂತ. ಪ್ರತಿ ಫಂಕ್ಷನ್ ಮೇಲೂ ‘ಇದು ಪೈಪ್‌ಲೈನ್ ರನ್ ಮಾಡತ್ತೆ, ಮೊದಲನೇ ಪ್ಯಾರಾಮೀಟರ್ ಪೈಪ್‌ಲೈನ್, ವಾಪಸ್ ಕೊಡೋದು ಸ್ಟೇಟಸ್’ ಅಂತ ಬರೆದ್ರೆ ಫಂಕ್ಷನ್ ಹೆಸರಲ್ಲಿ ಇದ್ದಿದ್ದನ್ನೇ ಇನ್ನೊಂದು ಸಲ ಹೇಳಿದ ಹಾಗಾಯ್ತು. ಅದನ್ನ ಓದೋ ಅಭ್ಯಾಸ ಯಾರಿಗೂ ಇರಲ್ಲ, ಕೋಡ್ ಬದಲಾದಾಗ ಅಪ್‌ಡೇಟ್ ಮಾಡೋ ನೆನಪೂ ಇರಲ್ಲ, ಆರು ತಿಂಗಳಲ್ಲಿ ಕಮೆಂಟ್ ಒಂದು ಹೇಳತ್ತೆ ಕೋಡ್ ಒಂದು ಮಾಡತ್ತೆ. ಶೆಲ್‌ನಲ್ಲಿ ಬರೀಬೇಕಾಗಿರೋದು ‘ಯಾಕೆ’ ಅನ್ನೋದು, ಅದ್ರಲ್ಲೂ ಯಾವುದರ ಮುಂದೆ ಯಾವುದು ಬರ್ಬೇಕು ಅನ್ನೋದು, ಯಾಕಂದ್ರೆ ಫೋರ್ಕ್ ಆದ್ಮೇಲೆ ಎರಡು ಪ್ರಾಸೆಸ್ ಒಟ್ಟಿಗೆ ಓಡ್ತಿರ್ತವೆ, ಆ ಹೊಂದಾಣಿಕೆ ಕೋಡ್ ನೋಡಿದ್ರೆ ಕಣ್ಣಿಗೆ ಕಾಣಲ್ಲ.

ನನಗೇ ಆದ ಒಂದು ಅನುಭವ ಹೇಳ್ತೀನಿ. ತುಂಬಾ ಹಿಂದೆ ಒಂದು ಸಣ್ಣ ಶೆಲ್ ಪ್ರಾಜೆಕ್ಟ್‌ನಲ್ಲಿ ಕೋಡ್ ಕ್ಲೀನ್ ಮಾಡೋ ಕೆಲಸ ತಗೊಂಡಿದ್ದೆ. ಫೋರ್ಕ್ ಆದ ತಕ್ಷಣ ಚೈಲ್ಡ್ ಪ್ರಾಸೆಸ್ ತನ್ನನ್ನ ಹೊಸ ಪ್ರಾಸೆಸ್ ಗ್ರೂಪ್‌ಗೆ (ಒಂದು ಜಾಬ್‌ನ ಪ್ರಾಸೆಸ್‌ಗಳ ಗುಂಪಿಗೆ) ಹಾಕ್ಕೊಳ್ಳೋಕೆ ಸೆಟ್‌ಪಿಜಿಐಡಿ ಅನ್ನೋ ಸಿಸ್ಟಮ್ ಕಾಲ್ ಕರೀತಿತ್ತು. ನಾಲ್ಕು ಸಾಲು ಕೆಳಗೆ ಪೇರೆಂಟ್ ಕೂಡ ಅದೇ ಚೈಲ್ಡ್‌ಗೆ ಅದೇ ಕಾಲ್ ಮಾಡ್ತಿತ್ತು. ಕಮೆಂಟ್ ಇರ್ಲಿಲ್ಲ. ಒಂದೇ ಕೆಲಸ ಎರಡು ಸಲ ಯಾಕೆ ಅಂತ ಪೇರೆಂಟ್‌ನಲ್ಲಿದ್ದಿದ್ದನ್ನ ತೆಗೆದೆ. ನನ್ನ ಮಷೀನ್‌ನಲ್ಲಿ ಟೆಸ್ಟ್ ಎಲ್ಲಾ ಪಾಸ್ ಆಯ್ತು, ಮರ್ಜ್ ಆಯ್ತು. ಆಮೇಲೆ ದೂರು ಬರೋಕೆ ಶುರು, ಟರ್ಮಿನಲ್‌ನಲ್ಲಿ ಎಡಿಟರ್ ತೆಗೆದ್ರೆ ಯಾವಾಗ್ಲೋ ಒಂದೊಂದು ಸಲ ತೆಗೆದ ಕ್ಷಣವೇ ‘ಸ್ಟಾಪ್ಡ್’ ಅಂತ ಬಂದು ನಿಂತೋಗತ್ತೆ, ಇನ್ನೊಂದು ಸಲ ಟ್ರೈ ಮಾಡಿದ್ರೆ ಸರಿ ಇರತ್ತೆ. ಎಷ್ಟೋ ದಿನ ಹುಡುಕಿದ ಮೇಲೆ ಗೊತ್ತಾಯ್ತು. ಫೋರ್ಕ್ ಆದ್ಮೇಲೆ ಪೇರೆಂಟ್ ಮೊದ್ಲು ಓಡತ್ತೋ ಚೈಲ್ಡ್ ಮೊದ್ಲು ಓಡತ್ತೋ ಕರ್ನಲ್ ಹೇಳಲ್ಲ. ಪೇರೆಂಟ್ ಮೊದ್ಲು ಓಡಿ ಟರ್ಮಿನಲ್ಲನ್ನ ಹೊಸ ಗ್ರೂಪ್‌ಗೆ ಕೊಡೋಕೆ ಹೋದ್ರೆ ಆ ಗ್ರೂಪ್ ಇನ್ನೂ ಹುಟ್ಟೇ ಇರಲ್ಲ, ಕಾಲ್ ಫೇಲ್ ಆಗತ್ತೆ. ಟರ್ಮಿನಲ್ ಶೆಲ್ ಕೈಯಲ್ಲೇ ಉಳಿಯತ್ತೆ. ಆಮೇಲೆ ಚೈಲ್ಡ್ ತನ್ನ ಗ್ರೂಪ್ ಮಾಡ್ಕೊಂಡು ಎಡಿಟರ್ ಆಗಿ ಕೀಬೋರ್ಡ್ ಓದೋಕೆ ಹೋದ್ರೆ ಬ್ಯಾಕ್‌ಗ್ರೌಂಡ್‌ನಲ್ಲಿರೋ ಪ್ರಾಸೆಸ್ ಅಂತ ಕರ್ನಲ್ ಸಿಗ್ನಲ್ ಕಳಿಸಿ ನಿಲ್ಲಿಸತ್ತೆ. ಹಾಗಂತ ಪೇರೆಂಟ್ ಒಂದೇ ಕರೆದ್ರೂ ಸಾಲಲ್ಲ, ಚೈಲ್ಡ್ ಅಷ್ಟರಲ್ಲಿ ಎಕ್ಸೆಕ್ ದಾಟಿಬಿಟ್ಟಿದ್ರೆ ಪೇರೆಂಟ್ ಮಾಡೋ ಕಾಲ್‌ಗೆ ಪರ್ಮಿಷನ್ ಇಲ್ಲ ಅನ್ನೋ ಎರರ್ ಬರತ್ತೆ. ಅದಕ್ಕೇ ಎರಡೂ ಕಡೆ ಬೇಕು, ಯಾರು ಮೊದ್ಲು ಬಂದ್ರೂ ಕೆಲಸ ಆಗಿರ್ಲಿ ಅಂತ. ಆ ಸಾಲನ್ನ ವಾಪಸ್ ಹಾಕಿ ಮೇಲೆ ಹೀಗೆ ಬರೆದೆ:

‘ಇದು ಡೂಪ್ಲಿಕೇಟ್ ಅಲ್ಲ, ತೆಗೀಬೇಡಿ. ಪೇರೆಂಟ್, ಚೈಲ್ಡ್ ಯಾರು ಮೊದ್ಲು ಓಡ್ತಾರೆ ಗೊತ್ತಿಲ್ಲ. ಟರ್ಮಿನಲ್ ಕೊಡೋ ಮುಂಚೆ ಗ್ರೂಪ್ ಇರ್ಬೇಕು, ಎಕ್ಸೆಕ್‌ಗೆ ಮುಂಚೆನೂ ಇರ್ಬೇಕು.’

ನಿಮ್ಮ ಕೋಡ್‌ನಲ್ಲಿ ಇಂಥ ಜಾಗಗಳು ಹತ್ತು ಹದಿನೈದು ಇರ್ತವೆ ಅಷ್ಟೇ, ಅವನ್ನ ಹುಡುಕಿ ಬರೀರಿ. ಪೈಪ್‌ನ ಬರೆಯೋ ತುದಿಯನ್ನ ಪೇರೆಂಟ್‌ನಲ್ಲಿ ಮುಚ್ಚೋ ಸಾಲು ಅಂಥದ್ದೊಂದು, ಮುಚ್ಚದಿದ್ರೆ ಆ ಕಡೆ ಸಾರ್ಟ್‌ಗೆ ಫೈಲ್ ಮುಗೀತು ಅಂತ ಗೊತ್ತಾಗೋದೇ ಇಲ್ಲ, ಕಾಯ್ತಾನೇ ಇರತ್ತೆ. ಸಿಗ್ನಲ್ ಹ್ಯಾಂಡ್ಲರ್ ಒಳಗೆ ಒಂದು ಫ್ಲ್ಯಾಗ್ ಏರಿಸೋದು ಬಿಟ್ಟು ಪ್ರಿಂಟ್‌ಎಫ್, ಮ್ಯಾಲಕ್ ಏನೂ ಕರೀಬಾರ್ದು ಅನ್ನೋದು ಇನ್ನೊಂದು. ಇಂಥ ವಿಷಯ ಬರೆದಿಡದೇ ಹೋದ್ರೆ ಏನಾಗತ್ತೆ ಅನ್ನೋದಕ್ಕೆ ಹಳೇ ಉದಾಹರಣೆನೂ ಇದೆ. 1979ರಲ್ಲಿ ಯುನಿಕ್ಸ್ ಏಳನೇ ಆವೃತ್ತಿ ಜೊತೆ ಬಂದ ಬೋರ್ನ್ ಶೆಲ್‌ನಲ್ಲಿ ಮೆಮೊರಿ ಸಾಲದೇ ಇದ್ದಾಗ ಸೆಗ್ಮೆಂಟೇಶನ್ ಫಾಲ್ಟ್ ಸಿಗ್ನಲ್ ಹಿಡಿದು, ಹ್ಯಾಂಡ್ಲರ್ ಒಳಗೆ ಮೆಮೊರಿ ಬೆಳೆಸಿ, ನಿಂತ ಜಾಗದಿಂದ ಮುಂದುವರಿಸೋ ತಂತ್ರ ಇತ್ತು. ಆವತ್ತಿನ ಮಷೀನ್‌ನಲ್ಲಿ ಅದು ಚೆನ್ನಾಗಿ ನಡೀತು, ಮುಂದೆ ಮೊಟೊರೊಲಾ 68000 ಚಿಪ್‌ಗೆ ಶೆಲ್ ಒಯ್ಯೋಕೆ ಹೋದವ್ರಿಗೆ ದೊಡ್ಡ ತಲೆನೋವಾಯ್ತು, ನಿಂತ ಇನ್‌ಸ್ಟ್ರಕ್ಷನ್ನನ್ನ ಮತ್ತೆ ಶುರು ಮಾಡೋದು ಆ ಚಿಪ್‌ಗೆ ಬರ್ತಿರ್ಲಿಲ್ಲ. ಅದೇ ಶೆಲ್‌ನಲ್ಲಿ ಸ್ಟೀಫನ್ ಬೋರ್ನ್ ಸಿ ಭಾಷೆಯನ್ನ ಮ್ಯಾಕ್ರೋಗಳಿಂದ ಆಲ್ಗಾಲ್ 68 ಅನ್ನೋ ಬೇರೆ ಭಾಷೆ ಥರ ಕಾಣೋ ಹಾಗೆ ಮಾಡಿದ್ರು, ಇಫ್ ಶುರುವಿಗೆ, ಫಿ ಕೊನೆಗೆ. ಬರೆದವರಿಗೆ ಅದು ಸಲೀಸು, ಓದೋ ಮಿಕ್ಕವರಿಗೆಲ್ಲಾ ಹೊಸ ಭಾಷೆ ಕಲಿತ ಹಾಗೆ. ನಿಮ್ಮ ಕೋಡ್‌ನಲ್ಲಿ ಸ್ವಂತ ಮ್ಯಾಕ್ರೋ ತುಂಬಾ ಇದ್ರೆ ಹಂಚೋವಾಗ್ಲೇ ತೆಗೆದು ಸಾದಾ ಸಿ ಮಾಡ್ಬಿಡಿ.

ಗ್ಲೋಬಲ್ ವೇರಿಯೇಬಲ್ ವಿಷಯಕ್ಕೆ ಸ್ವಲ್ಪ ಸಮಾಧಾನ ಇರ್ಲಿ. ಯಾರಾದ್ರೂ ಬಂದು ಇಷ್ಟೊಂದು ಗ್ಲೋಬಲ್ ಯಾಕೆ ಅಂತ ಕೇಳೇ ಕೇಳ್ತಾರೆ. ಶೆಲ್‌ನಲ್ಲಿ ಸಬ್‌ಶೆಲ್ ಅಂದ್ರೆ ಫೋರ್ಕ್, ಫೋರ್ಕ್ ಆದ್ರೆ ಎಲ್ಲಾ ಸ್ಥಿತಿಯ ನಕಲು ಪುಕ್ಕಟೆ ಸಿಗತ್ತೆ, ಹಾಗಾಗಿ ಹಳೇ ಶೆಲ್‌ಗಳೆಲ್ಲಾ ಗ್ಲೋಬಲ್‌ನಲ್ಲೇ ಬದುಕಿವೆ. ಆದ್ರೂ ಅವನ್ನೆಲ್ಲಾ ಒಂದು ಸ್ಟ್ರಕ್ಟ್ ಒಳಗೆ ಸೇರಿಸಿ, ಒಂದು ಹೆಡರ್‌ನಲ್ಲಿ ಇಟ್ಟು, ಪ್ರತಿ ಫೀಲ್ಡ್ ಪಕ್ಕ ಇದನ್ನ ಯಾರು ಬದಲಾಯಿಸ್ಬಹುದು, ಸಬ್‌ಶೆಲ್‌ನಲ್ಲಿ ಇದಕ್ಕೆ ಏನಾಗತ್ತೆ ಅಂತ ಅರ್ಧ ಸಾಲು ಬರೀರಿ. ಉದಾಹರಣೆಗೆ ಟ್ರ್ಯಾಪ್‌ಗಳು, ಯೂಸರ್ ಹಾಕಿದ ಟ್ರ್ಯಾಪ್ ಸಬ್‌ಶೆಲ್‌ನಲ್ಲಿ ಡೀಫಾಲ್ಟ್‌ಗೆ ಹೋಗ್ಬೇಕು, ಇಗ್ನೋರ್ ಮಾಡಿದ್ದು ಮಾತ್ರ ಇಗ್ನೋರ್ ಆಗೇ ಉಳೀಬೇಕು. ಈ ಥರದ್ದು ಬರೆದಿಡದಿದ್ರೆ ಆರು ತಿಂಗಳಾದ್ಮೇಲೆ ನಿಮಗೂ ನೆನಪಿರಲ್ಲ.

ಬಿಲ್ಟ್‌ಇನ್‌ಗಳಿಗೆ ಬ್ಯಾಶ್ ಮಾಡಿರೋ ವ್ಯವಸ್ಥೆ ನನಗೆ ತುಂಬಾ ಇಷ್ಟ. ಅಲ್ಲಿ ಬಿಲ್ಟ್‌ಇನ್ಸ್ ಅನ್ನೋ ಫೋಲ್ಡರ್‌ನಲ್ಲಿ ಸಾಮಾನ್ಯವಾಗಿ ಒಂದು ಕಮಾಂಡ್‌ಗೆ ಒಂದು ಡೆಫ್ ಫೈಲ್. ಸಿಡಿ ಕಮಾಂಡ್‌ನ ಫೈಲ್ ತೆಗೆದ್ರೆ ಮೇಲ್ಗಡೆ ಹೆಲ್ಪ್ ಟೆಕ್ಸ್ಟ್, ಕೆಳಗಡೆ ಸಿ ಕೋಡ್, ಎರಡೂ ಒಂದೇ ಫೈಲ್‌ನಲ್ಲಿ. ಬಿಲ್ಡ್ ಮಾಡೋವಾಗ ಒಂದು ಪುಟ್ಟ ಪ್ರೋಗ್ರಾಮ್ ಅದನ್ನ ಬಿಡಿಸಿ ಕೋಡ್ ಒಂದು ಕಡೆ, ಹೆಲ್ಪ್ ಒಂದು ಕಡೆ ಮಾಡತ್ತೆ. ನೀವು ಬ್ಯಾಶ್‌ನಲ್ಲಿ ‘ಹೆಲ್ಪ್ ಸಿಡಿ’ ಅಂದಾಗ ಬರೋ ಟೆಕ್ಸ್ಟ್ ಅಲ್ಲಿಂದಲೇ ಬರೋದು. ಹೊಸ ಆಪ್ಷನ್ ಸೇರಿಸೋವ್ರ ಕಣ್ಣಿಗೆ ಹೆಲ್ಪ್ ಬೀಳದೇ ಇರೋಕೆ ಸಾಧ್ಯನೇ ಇಲ್ಲ. ನಿಮಗೆ ಜನರೇಟರ್ ಬರೆಯೋಷ್ಟು ಅಗತ್ಯ ಇಲ್ಲ, ಪ್ರತಿ ಬಿಲ್ಟ್‌ಇನ್‌ಗೆ ಒಂದು ಫೈಲ್, ಅದ್ರಲ್ಲಿ ಹೆಸರು, ಫಂಕ್ಷನ್, ಹೆಲ್ಪ್ ಸ್ಟ್ರಿಂಗ್ ಮೂರೂ ಇರೋ ಒಂದು ಸ್ಟ್ರಕ್ಟ್, ಎಲ್ಲಾ ಸೇರಿ ಒಂದು ಟೇಬಲ್. ಟೇಬಲ್ ಮೇಲೆ ಒಂದು ಮಾತು ಬರೀರಿ: ಯಾವ ಕಮಾಂಡ್ ಬಿಲ್ಟ್‌ಇನ್ ಆಗ್ಲೇಬೇಕು, ಯಾವುದು ಬರೀ ಸ್ಪೀಡ್‌ಗೋಸ್ಕರ ಬಿಲ್ಟ್‌ಇನ್ ಅಂತ. ಸಿಡಿ ಆಗ್ಲೇಬೇಕು, ಯಾಕಂದ್ರೆ ಚೈಲ್ಡ್ ಪ್ರಾಸೆಸ್ ತನ್ನ ಡೈರೆಕ್ಟರಿ ಬದಲಾಯಿಸಿದ್ರೆ ಪೇರೆಂಟ್‌ಗೆ ಏನೂ ಆಗಲ್ಲ. ಎಕೋ ಹಾಗಲ್ಲ.

ಹೊರಗಡೆಯಿಂದ ಬರೋ ಡೇಟಾ ಎಲ್ಲೆಲ್ಲಿಂದ ಒಳಗೆ ನುಗ್ಗತ್ತೆ ಅನ್ನೋದಕ್ಕೂ ಒಂದು ಪುಟ ಬೇಕು. ಬ್ಯಾಶ್ 1989ರಿಂದ ಎನ್ವಿರಾನ್‌ಮೆಂಟ್ ವೇರಿಯೇಬಲ್ ಮೂಲಕ ಫಂಕ್ಷನ್‌ಗಳನ್ನ ಚೈಲ್ಡ್ ಶೆಲ್‌ಗೆ ಕಳಿಸ್ತಿತ್ತು, ಶುರು ಆಗೋವಾಗ ಬೆಲೆ ನೋಡಿ ಇದು ಫಂಕ್ಷನ್ ಅನ್ನಿಸಿದ್ರೆ ಪಾರ್ಸರ್‌ಗೆ ಕೊಡ್ತಿತ್ತು, ಪಾರ್ಸರ್ ಫಂಕ್ಷನ್ ಮುಗಿದ ಮೇಲೂ ನಿಲ್ಲದೆ ಆಚೆ ಇದ್ದ ಕಮಾಂಡ್‌ಗಳನ್ನೂ ರನ್ ಮಾಡಿಬಿಡ್ತಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಶೆಲ್‌ಶಾಕ್ ಅಂತ ಜಗತ್ತಿಗೆಲ್ಲಾ ಗೊತ್ತಾಗಿದ್ದು ಇದೇ. 25 ವರ್ಷ ಹಾಗೇ ಇತ್ತು, ವೆಬ್ ಸರ್ವರ್‌ಗಳು ಯಾರೋ ಕಳಿಸಿದ ಹೆಡರನ್ನ ಎನ್ವಿರಾನ್‌ಮೆಂಟ್‌ಗೆ ಹಾಕಿ ಬ್ಯಾಶ್ ಕರೀತವೆ ಅನ್ನೋ ಕಾಲ ಆ ಕೋಡ್ ಬರೆದಾಗ ಬಂದಿರ್ಲಿಲ್ಲ. ‘ಇಲ್ಲಿ ಎನ್ವಿರಾನ್‌ಮೆಂಟನ್ನ ಕೋಡ್ ಅಂತ ನಂಬ್ತಿದೀವಿ’ ಅಂತ ಒಂದು ಸಾಲು ಎಲ್ಲರಿಗೂ ಕಾಣೋ ಜಾಗದಲ್ಲಿ ಇದ್ದಿದ್ರೆ ಯಾರಾದ್ರೂ ಮೊದ್ಲೇ ಪ್ರಶ್ನೆ ಕೇಳ್ತಿದ್ರೇನೋ ಅಂತ ನನಗೆ ಯಾವಾಗ್ಲೂ ಅನ್ನಿಸತ್ತೆ. ನೀವು ಬರೀರಿ: ಎನ್ವಿರಾನ್‌ಮೆಂಟ್, ಸ್ಟಾರ್ಟಪ್ ಫೈಲ್, ಹಿಸ್ಟರಿ ಫೈಲ್, ಆರ್ಗ್ಯುಮೆಂಟ್, ಇವುಗಳಲ್ಲಿ ಯಾವುದನ್ನ ಎಷ್ಟು ನಂಬ್ತೀರಿ ಅಂತ.

ಇನ್ನು ಸಾಗಿಸೋ ಕೆಲಸ. ಟೆಸ್ಟ್ ಇಲ್ದೇ ಒಂದು ಸಾಲೂ ಮುಟ್ಬೇಡಿ. ಯೂನಿಟ್ ಟೆಸ್ಟ್ ಬರೆಯೋಕೆ ಹೋದ್ರೆ ಈಗಿರೋ ಕೋಡ್‌ನಲ್ಲಿ ಆಗೋದಿಲ್ಲ, ಬದಲಿಗೆ ಬ್ಯಾಶ್ ಮಾಡೋ ಹಾಗೆ ಒಂದು ಸ್ಕ್ರಿಪ್ಟ್ ಫೈಲ್, ಅದರ ಪಕ್ಕ ಸರಿಯಾದ ಔಟ್‌ಪುಟ್ ಇರೋ ಇನ್ನೊಂದು ಫೈಲ್, ಶೆಲ್ ರನ್ ಮಾಡಿ ಬಂದ ಔಟ್‌ಪುಟ್ಟನ್ನ ಅದರ ಜೊತೆ ಡಿಫ್ ಮಾಡೋದು (ಹೋಲಿಸಿ ವ್ಯತ್ಯಾಸ ನೋಡೋದು) ಅಷ್ಟೇ. ಒಳಗಡೆ ಏನೇ ಅದಲುಬದಲು ಆದ್ರೂ ಈ ಟೆಸ್ಟ್ ಹಾಗೇ ಇರತ್ತೆ. ಕಮಾಂಡ್ ಸಿಗ್ಲಿಲ್ಲ ಅಂದ್ರೆ 127, ಸಿಕ್ಕಿದ್ರೂ ರನ್ ಮಾಡೋಕೆ ಆಗ್ಲಿಲ್ಲ ಅಂದ್ರೆ 126, ಇಂಥ ಎಕ್ಸಿಟ್ ಸ್ಟೇಟಸ್‌ಗಳನ್ನೂ ಅದ್ರಲ್ಲೇ ಸೇರಿಸಿ. ಆಮೇಲೆ ಒಂದು ಕಮಿಟ್‌ನಲ್ಲಿ ಒಂದೇ ಭಾಗ ಸಾಗಿಸಿ, ಸಾಗಿಸೋ ಕಮಿಟ್‌ನಲ್ಲಿ ಫಂಕ್ಷನ್ ಹೆಸರು ಬದಲಾಯಿಸೋದು, ಸ್ಪೇಸ್ ಸರಿ ಮಾಡೋದು, ಕಣ್ಣಿಗೆ ಬಿದ್ದ ಬಗ್ ರಿಪೇರಿ ಮಾಡೋದು ಏನೂ ಬೇಡ, ಕೈ ತುರಿಸತ್ತೆ ಆದ್ರೂ ಬೇಡ. ಹೀಗೆ ಶುದ್ಧವಾಗಿ ಸಾಗಿಸಿದ್ರೆ ಗಿಟ್ ಬ್ಲೇಮ್‌ಗೆ (ಪ್ರತಿ ಸಾಲನ್ನ ಯಾರು, ಯಾವ ಕಮಿಟ್‌ನಲ್ಲಿ ಬರೆದ್ರು ಅಂತ ತೋರಿಸೋ ಕಮಾಂಡ್) ದೊಡ್ಡಕ್ಷರದ ಸಿ ಆಪ್ಷನ್ ಕೊಟ್ಟಾಗ ಬೇರೆ ಫೈಲ್‌ನಿಂದ ಬಂದ ಸಾಲಿಗೂ ಅದರ ಹಳೇ ಇತಿಹಾಸ ಸಿಗತ್ತೆ, ಈ ಸಾಲು ಯಾಕೆ ಇದೆ ಅಂತ ಹುಡುಕೋವ್ರಿಗೆ ಅದು ತುಂಬಾ ಮುಖ್ಯ.

ಲೈಸೆನ್ಸ್ ಬಗ್ಗೆ ಒಂದೇ ಮಾತು. ಲೈನ್ ಎಡಿಟಿಂಗ್‌ಗೆ (ಟೈಪ್ ಮಾಡ್ತಿರೋ ಸಾಲನ್ನ ತಿದ್ದೋಕೆ) ನೀವು ರೀಡ್‌ಲೈನ್ ಲೈಬ್ರರಿ ಬಳಸಿದ್ರೆ ಅದು ಜಿಪಿಎಲ್ (ಹಂಚೋವಾಗ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡ್ಬೇಕು ಅನ್ನೋ ಲೈಸೆನ್ಸ್), ಅದರ ಜೊತೆ ಲಿಂಕ್ ಮಾಡಿ ಹಂಚೋ ಶೆಲ್ ಕೂಡ ಜಿಪಿಎಲ್ ಷರತ್ತಿಗೆ ಒಳಪಡತ್ತೆ. ಅದು ಬೇಡ ಅಂದ್ರೆ ಲಿಬೆಡಿಟ್ ಇದೆ, ಬಿಎಸ್‌ಡಿ ಲೈಸೆನ್ಸ್. ಯಾವುದೇ ಇರ್ಲಿ, ಲೈನ್ ಎಡಿಟರ್ ಕರೆಯೋ ಕೋಡ್ ಎಲ್ಲಾ ಒಂದೇ ಫೈಲ್‌ನಲ್ಲಿ ಇಟ್ಟಿರಿ, ನಾಳೆ ಬದಲಾಯಿಸೋದಾದ್ರೆ ಆ ಒಂದು ಫೈಲ್ ಮುಟ್ಟಿದ್ರೆ ಸಾಕು.

ಇಷ್ಟೆಲ್ಲಾ ಆದ್ಮೇಲೆ ಟೂರ್ ಫೈಲ್ ಬರೀರಿ, ಮೊದ್ಲೇ ಬರೆದ್ರೆ ಎರಡು ಸಲ ಬರೀಬೇಕಾಗತ್ತೆ. ಮೂರ್ನಾಲ್ಕು ಪುಟಕ್ಕಿಂತ ಜಾಸ್ತಿ ಬೇಡ. ಮೇಲೆ ಕೊಟ್ಟ ಥರ ಒಂದು ಸಾಲು ತಗೊಂಡು ಅದು ಯಾವ ಫೈಲ್‌ನ ಯಾವ ಫಂಕ್ಷನ್‌ಗೆ ಮೊದ್ಲು ಹೋಗತ್ತೆ, ಅಲ್ಲಿಂದ ಏನಾಗಿ ಈಚೆ ಬರತ್ತೆ ಅಂತ ಕಥೆ ಹೇಳ್ತಾ ಹೋಗಿ, ಲೈನ್ ನಂಬರ್ ಹಾಕ್ಬೇಡಿ, ಫಂಕ್ಷನ್ ಹೆಸರು ಸಾಕು. ಪಾಸಿಕ್ಸ್‌ನಲ್ಲಿ ಇದ್ದು ನಿಮ್ಮಲ್ಲಿ ಇಲ್ದೇ ಇರೋದು, ಬೇಕಂತಲೇ ಬೇರೆ ಮಾಡಿರೋದು ಇವನ್ನ ಕೊನೆಯಲ್ಲಿ ಪಟ್ಟಿ ಮಾಡಿ, ಇಲ್ಲಾಂದ್ರೆ ಅದನ್ನ ಬಗ್ ಅಂತ ಯಾರೋ ಒಬ್ರು ಕಷ್ಟಪಟ್ಟು ರಿಪೇರಿ ಮಾಡಿ ಕಳಿಸ್ತಾರೆ.

ಬರೆದಾದ್ಮೇಲೆ ನಿಮ್ಮ ಕೋಡ್ ಯಾವತ್ತೂ ನೋಡದೇ ಇರೋ ಒಬ್ರನ್ನ ಕೂರಿಸಿ, ಟೂರ್ ಫೈಲ್ ಒಂದನ್ನೇ ಕೊಟ್ಟು, ಒಂದು ಸಣ್ಣ ಬಿಲ್ಟ್‌ಇನ್ ಸೇರಿಸೋಕೆ ಹೇಳಿ. ಪಕ್ಕದಲ್ಲಿ ಕೂತ್ಕೊಳ್ಳಿ, ಆದ್ರೆ ಬಾಯಿ ಬಿಡ್ಬೇಡಿ. ಅವ್ರು ಯಾವ ಫೈಲ್ ಮೊದ್ಲು ತೆಗೀತಾರೆ, ಎಲ್ಲಿ ಹಿಂದೆ ಮುಂದೆ ಸ್ಕ್ರೋಲ್ ಮಾಡ್ತಾ ನಿಂತ್ಕೋತಾರೆ, ನಿಮ್ಮ ಕಡೆ ತಿರುಗಿ ಏನು ಕೇಳ್ತಾರೆ ಎಲ್ಲಾ ಬರ್ಕೊಳ್ಳಿ. ಅವ್ರು ಕೇಳಿದ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡೋದಕ್ಕಿಂತ ಮುಂಚೆ ಟೂರ್ ಫೈಲ್‌ನಲ್ಲಿ ಟೈಪ್ ಮಾಡಿ, ಅವ್ರಿಗೆ ಅದನ್ನ ಓದೋಕೆ ಕೊಡಿ.